35 ಗಂಟೆಗಳ ಲೆಕ್ಕ

ಕಳೆದ ಚಳಿಗಾಲದ ಒಂದು ಶನಿವಾರ, ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದವಳು ಮಲಗುವುದನ್ನು ಬಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ವರ್ಷಗಳ ಪ್ರಮಾಣಪತ್ರಗಳನ್ನು ಒಂದೊಂದಾಗಿ ತೆರೆದು ಗಂಟೆಗಳ ಲೆಕ್ಕ ಹಾಕುತ್ತಾ ಕುಳಿತಿದ್ದೆ. ನರ್ಸಿಂಗ್ ನೋಂದಣಿಯ ನವೀಕರಣದ ಅರ್ಜಿ ತೆರೆದಿದೆ, ಸಲ್ಲಿಸಲು 60 ದಿನಗಳಿವೆ ಎಂಬ ಇಮೇಲ್ ಬಂದು ಆಗಲೇ ಒಂದು ವಾರವಾಗಿತ್ತು. ಆನ್‌ಲೈನ್ ಕೋರ್ಸುಗಳ ಪ್ರಮಾಣಪತ್ರಗಳೇ 40ಕ್ಕೂ ಹೆಚ್ಚಿದ್ದವು. ಒಂದರಲ್ಲಿ ಅಪ್ಪನ ಹೆಸರು ನನ್ನ ಹೆಸರಿನ ಜಾಗದಲ್ಲಿತ್ತು, ಇನ್ನೊಂದರಲ್ಲಿ ನಮ್ಮೂರಿನ ಹೆಸರೇ ನನ್ನ ಮನೆತನದ ಹೆಸರಾಗಿ ಕುಳಿತಿತ್ತು. ಇನಿಷಿಯಲ್ ಹೊತ್ತು ಕರಾವಳಿಯಿಂದ ಹೊರಟವರಿಗೆಲ್ಲ ಇದು ಗೊತ್ತಿರುವ ಕಥೆ. ಎಲ್ಲವನ್ನೂ ಕೂಡಿಸಿದಾಗ 61 ಗಂಟೆಗಳಾದವು. ಬೇಕಾಗಿದ್ದದ್ದು 35. ಸಮಾಧಾನದಿಂದ ಚಹಾ ಮಾಡಿಕೊಂಡು ಬಂದು ಪಕ್ಕದ ಕಾಲಂ ಕೂಡಿಸಿದೆ. ಅಲ್ಲಿ 20 ಬೇಕಿತ್ತು, ನನ್ನ ಬಳಿ ಇದ್ದದ್ದು 9.

ಆ ಎರಡನೆಯ ಕಾಲಂ ಏನೆಂದು ಸ್ವಲ್ಪ ವಿವರಿಸಬೇಕು. ಬ್ರಿಟನ್ನಿನಲ್ಲಿ ನರ್ಸುಗಳ ನೋಂದಣಿಯನ್ನು ನೋಡಿಕೊಳ್ಳುವುದು ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್; ಬಾಯಿಮಾತಿನಲ್ಲಿ ಎನ್‌ಎಂಸಿ. (ಊರಿನ ಡಾಕ್ಟರುಗಳೊಂದಿಗೆ ಮಾತನಾಡುವಾಗ ಇದು ಗೊಂದಲಕ್ಕೆ ದಾರಿ, ಏಕೆಂದರೆ ಅಲ್ಲಿ ಎನ್‌ಎಂಸಿ ಎಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ.) 2016ರ ಏಪ್ರಿಲ್‌ನಿಂದ ಇಲ್ಲಿ ರಿವ್ಯಾಲಿಡೇಶನ್ ಎಂಬ ಪದ್ಧತಿ ಜಾರಿಯಲ್ಲಿದೆ. ಮೂರು ವರ್ಷಗಳಿಗೊಮ್ಮೆ ಪ್ರತಿಯೊಬ್ಬ ನರ್ಸೂ ತಾನು ಕನಿಷ್ಠ 450 ಗಂಟೆ ಕೆಲಸ ಮಾಡಿದ್ದೇನೆ, 35 ಗಂಟೆ ವೃತ್ತಿಗೆ ಸಂಬಂಧಿಸಿದ್ದನ್ನು ಕಲಿತಿದ್ದೇನೆ, ಕೆಲಸದ ಬಗ್ಗೆ ಐದು ಅಭಿಪ್ರಾಯಗಳನ್ನು ಪಡೆದಿದ್ದೇನೆ, ಐದು ಆತ್ಮಾವಲೋಕನದ ಟಿಪ್ಪಣಿಗಳನ್ನು ಬರೆದಿದ್ದೇನೆ, ಅವುಗಳ ಬಗ್ಗೆ ನೋಂದಣಿ ಹೊಂದಿದ ಇನ್ನೊಬ್ಬ ನರ್ಸ್‌ನೊಂದಿಗೆ ಕುಳಿತು ಚರ್ಚಿಸಿದ್ದೇನೆ ಎಂದು ತೋರಿಸಬೇಕು. ಕಲಿಕೆಯ 35 ಗಂಟೆಗಳಲ್ಲಿ 20 ಗಂಟೆಗಳನ್ನು ಇತರರೊಂದಿಗೆ ಸೇರಿಯೇ ಕಲಿತಿರಬೇಕೆಂಬುದು ನಿಯಮ. ಒಂದೇ ಕೋಣೆಯಲ್ಲಿ ಇರಬೇಕೆಂದೇನಿಲ್ಲ. ಆನ್‌ಲೈನ್ ಚರ್ಚೆಯೂ ನಡೆಯುತ್ತದೆ, ಆದರೆ ಆಚೆ ಕಡೆ ಒಬ್ಬ ಮನುಷ್ಯ ಇರಬೇಕು, ಆ ಮನುಷ್ಯನೊಂದಿಗೆ ಮಾತುಕತೆ ನಡೆದಿರಬೇಕು. ನನ್ನ ಬಹುಪಾಲು ಗಂಟೆಗಳ ಆಚೆ ಕಡೆ ಇದ್ದದ್ದು ಒಂದು ‘ಮುಂದೆ’ ಗುಂಡಿ ಮಾತ್ರ. ಮೇಲಾಗಿ ನಾನು ಲೆಕ್ಕಕ್ಕೆ ಹಿಡಿದಿದ್ದ ಅಗ್ನಿ ಸುರಕ್ಷತೆಯ ತರಬೇತಿಯನ್ನೂ ಸೇರಿಸುವಂತಿಲ್ಲ. ಆಸ್ಪತ್ರೆಗೆ ಅದು ಕಡ್ಡಾಯ, ಎನ್‌ಎಂಸಿಯ ಕಣ್ಣಿಗೆ ಮಾತ್ರ ಅದು ರೋಗಿಯ ಶುಶ್ರೂಷೆಯ ಕಲಿಕೆಯಲ್ಲ. ಯಾವ ಬೆಂಕಿಗೆ ಯಾವ ಸಿಲಿಂಡರ್ ಎಂದು ಮೂರು ವರ್ಷ ಕಲಿತದ್ದು ಹಾಗೆ ಹೊಗೆಯಾಯಿತು.

ನಾನು ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಸ್ಟಾಫ್ ನರ್ಸ್ ಆಗಿದ್ದು, ಆಮೇಲೆ ಇಲ್ಲಿಗೆ ಬಂದವಳು. ಭಾರತೀಯ ನರ್ಸಿಂಗ್ ಪರಿಷತ್ತು ನವೀಕರಣಕ್ಕೆ ಐದು ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶಿಕ್ಷಣವನ್ನು ನಿಗದಿಪಡಿಸಿದೆ. ಗಂಟೆಗಳ ಲೆಕ್ಕದಲ್ಲಿ ಅದು ಇಲ್ಲಿಗಿಂತ ಬಹಳ ಹೆಚ್ಚು. ಬೆಂಗಳೂರಿನ ದಿನಗಳಲ್ಲಿ ಆ ಗಂಟೆಗಳನ್ನು ಗಳಿಸುವುದೆಂದರೆ ವಾರದ ರಜೆಯನ್ನು ಬಿಟ್ಟುಕೊಡುವುದು ಎಂದೇ ಅರ್ಥ. ಬೆಳಿಗ್ಗೆ ಎರಡು ಬಸ್ ಬದಲಿಸಿ ಸಭಾಂಗಣ ತಲುಪಿ, ಪುಸ್ತಕದಲ್ಲಿ ಸಹಿ ಹಾಕಿ, ಫೈಲು ಪೆನ್ನುಗಳ ಚೀಲ ಪಡೆದು, ಉಪ್ಪಿಟ್ಟು ತಿಂದು, ದೀಪ ಬೆಳಗಿಸುವವರು ಬರುವವರೆಗೆ ಕಾದು ಕೂರುತ್ತಿದ್ದೆವು. ಪ್ರಮಾಣಪತ್ರವನ್ನು ಕೊನೆಯ ಉಪನ್ಯಾಸ ಮುಗಿದ ಮೇಲೆಯೇ ಕೊಡುತ್ತಿದ್ದುದರಿಂದ ಯಾರೂ ನಡುವೆ ಎದ್ದು ಹೋಗುತ್ತಿರಲಿಲ್ಲ, ಅಷ್ಟೇ. ಊಟದ ನಂತರದ ಆ ಉಪನ್ಯಾಸದಲ್ಲಿ ಎಷ್ಟು ಜನ ಎಚ್ಚರವಿದ್ದರು ಎಂದು ಹೇಳಲಾರೆ. ಆದರೆ ಊಟದ ಸಾಲಿನಲ್ಲಿ ನಿಂತಾಗ ಬೇರೆ ಆಸ್ಪತ್ರೆಯ ಸಿಸ್ಟರ್ ಒಬ್ಬರು, ಅವರ ಐಸಿಯುವಿನಲ್ಲಿ ಒತ್ತಡದ ಹುಣ್ಣು ಆಗದಂತೆ ರೋಗಿಗಳನ್ನು ಮಗ್ಗುಲು ಬದಲಿಸುವ ಸಮಯಪಟ್ಟಿಯನ್ನು ಮಂಚದ ಕಾಲಿಗೇ ಕಟ್ಟುತ್ತಾರೆ ಎಂದು ಹೇಳಿದ್ದು ಇಂದಿಗೂ ನೆನಪಿದೆ. ವೇದಿಕೆಯ ಮೇಲಿನಿಂದ ಬಂದ ಮಾತುಗಳಲ್ಲಿ ಒಂದೂ ನೆನಪಿಲ್ಲ.

ಹಾಗೆಂದು ಹಳೆಯದೇ ಚೆನ್ನಾಗಿತ್ತು ಎಂದು ಬರೆಯಲು ನಾನು ಕುಳಿತಿಲ್ಲ. ಆನ್‌ಲೈನ್ ಕೋರ್ಸುಗಳು ಇಲ್ಲದಿದ್ದರೆ ಇಲ್ಲಿಗೆ ಬಂದ ಮೊದಲ ವರ್ಷ ನಾನು ಉಳಿಯುತ್ತಿದ್ದೆನೇ ಎಂಬ ಅನುಮಾನ ನನಗಿದೆ. ಆಗ ಮಗಳಿಗೆ ಎರಡು ವರ್ಷ. ಗಂಡನಿಗೆ ಹಗಲು ಪಾಳಿ, ನನಗೆ ರಾತ್ರಿ ಪಾಳಿ. ತರಗತಿಗೆಂದು ಪ್ರತ್ಯೇಕ ದಿನ ತೆಗೆಯುವ ಮಾತೇ ಇರಲಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿತ್ತು, ಅದನ್ನು ಇಲ್ಲಿ ಹುಟ್ಟಿದವರು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿಯೇ ಓದಿ ಪಾಸಾದ ನನಗೆ ವಾರ್ಡಿನ ಇಂಗ್ಲಿಷು ಮೊದಲ ಆರು ತಿಂಗಳು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಹೊತ್ತಿನಲ್ಲಿ ‘ಇನ್ನೊಮ್ಮೆ ಹೇಳಿ’ ಎಂದು ಎಷ್ಟು ಸಲ ಕೇಳಲು ಸಾಧ್ಯ? ಪರದೆಯ ಮೇಲಿನ ನರ್ಸ್‌ಗೆ ಮಾತ್ರ ಬೇಸರವಾಗುತ್ತಿರಲಿಲ್ಲ. ಹಿಂದಕ್ಕೆ ಸರಿಸಿ ನಾಲ್ಕು ಬಾರಿ ಕೇಳುತ್ತಿದ್ದೆ, ಕೆಳಗೆ ಅಕ್ಷರಗಳನ್ನು ಹಾಕಿಕೊಂಡು ಓದುತ್ತಿದ್ದೆ, ಮರುದಿನ ವಾರ್ಡಿನಲ್ಲಿ ಅದೇ ಪದ ಕಿವಿಗೆ ಬಿದ್ದಾಗ ಗುರುತಿಸುತ್ತಿದ್ದೆ. ರಕ್ತ ಕೊಡುವ ಮೊದಲು ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡಬೇಕಾದ ಪರೀಕ್ಷೆಗಳನ್ನು ನಾನು ಹಾಗೆ, ನಿದ್ದೆ ಮಾಡುವ ಮಗುವಿನ ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಲಿತೆ.

ಆದರೆ ಕೈ ಪಳಗಿದ ಮೇಲೆ ಎಲ್ಲರಿಗೂ ಒಂದು ಉಪಾಯ ಸಿಗುತ್ತದೆ. ಧ್ವನಿ ಮುಗಿಯುವವರೆಗೆ ‘ಮುಂದೆ’ ಗುಂಡಿ ಬೂದು ಬಣ್ಣದಲ್ಲಿರುತ್ತದೆ, ಮುಗಿದೊಡನೆ ನೀಲಿಯಾಗುತ್ತದೆ. ಆ ನಡುವಿನ ಎರಡು ನಿಮಿಷದಲ್ಲಿ ಒಗ್ಗರಣೆ ಹಾಕಬಹುದು, ಬಟ್ಟೆ ಮಡಚಬಹುದು. ನಾನು ಸೋಂಕು ನಿಯಂತ್ರಣದ ವಾರ್ಷಿಕ ಕೋರ್ಸನ್ನು ಮುಗಿಸಿದ ಸಂಜೆ ಮನೆಯಲ್ಲಿ ಹುರುಳಿ ಸಾರು ಬಹಳ ಚೆನ್ನಾಗಿ ಆಗಿತ್ತು. ಕೊನೆಯಲ್ಲಿ ಬರುವ ಹತ್ತು ಪ್ರಶ್ನೆಗಳಿಗೆ ಉತ್ತರ ತಪ್ಪಾದರೆ ಮತ್ತೆ ಪ್ರಯತ್ನಿಸಬಹುದು. ಎರಡನೆಯ ಸುತ್ತಿಗೆ ಬಂದ ಪ್ರಶ್ನೆಗಳೂ ಅವೇ ಆಗಿರುತ್ತವೆ. ನಮ್ಮ ನರ್ಸಿಂಗ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೆರಡು ಬಾರಿಯಾದರೂ ‘ಬೇಗ ಮುಗಿಯುವ ಕೋರ್ಸು ಯಾವುದಿದೆ?’ ಎಂಬ ಪ್ರಶ್ನೆ ಬರುತ್ತದೆ. ಮಂಗಳೂರಿನಲ್ಲಿ ಇರುವವಳು ಕೇಳುತ್ತಾಳೆ, ಎರಡು ವರ್ಷಕ್ಕೆ 30 ಗಂಟೆ ತುಂಬಿಸಬೇಕಾದ ಕ್ಯಾಲಿಫೋರ್ನಿಯಾದವಳು ಕೇಳುತ್ತಾಳೆ, ವರ್ಷಕ್ಕೆ 20 ಗಂಟೆ ಬೇಕಾದ ಮೆಲ್ಬರ್ನಿನವಳೂ ಕೇಳುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿ ಕಲಿಕೆಯ ಒಂದು ಗಂಟೆಗೆ 50 ನಿಮಿಷ ಎಂಬುದು ಆ ಗುಂಪಿನಲ್ಲಿ ನನಗೆ ತಿಳಿದ ಅತ್ಯಂತ ಸ್ವಾರಸ್ಯದ ಸಂಗತಿ. ಕೇಳುವವರನ್ನು ನಾನು ಹಳಿಯುವುದಿಲ್ಲ. ಹನ್ನೆರಡು ಗಂಟೆ ನಿಂತು ಬಂದ ಕಾಲುಗಳು ಕೇಳುವ ಪ್ರಶ್ನೆ ಅದು. ನಮ್ಮ ವಾರ್ಡಿನಲ್ಲಿಯೂ ಕಡ್ಡಾಯ ಕೋರ್ಸುಗಳನ್ನು ಪಾಳಿಯ ಅವಧಿಯಲ್ಲಿಯೇ ಮಾಡಿ ಎಂದು ಹೇಳುತ್ತಾರೆ. ಪಾಳಿಯ ಅವಧಿಯಲ್ಲಿ ಕುಳಿತುಕೊಳ್ಳಲು ಕುರ್ಚಿ ಸಿಕ್ಕಿದರೆ ಅದೇ ಹಬ್ಬ.

ಒಗ್ಗರಣೆಯ ಜತೆಗೆ ಮುಗಿಸಿದ ಕೋರ್ಸುಗಳ ಬೆಲೆ ಎಷ್ಟೆಂದು ನನಗೆ ಅರ್ಥವಾದದ್ದು ಆ ಮೂರು ವರ್ಷಗಳ ನಡುವಿನ ಒಂದು ರಾತ್ರಿ. ರೋಗಿಯ ಗುರುತು ಸಿಗುವಂತಹ ಯಾವ ವಿವರವನ್ನೂ ಬರೆಯಬಾರದೆಂಬುದು ನಮ್ಮ ನಿಯಮ. ಆದ್ದರಿಂದ ವಯಸ್ಸು, ಊರು, ವಾರ್ಡು ಏನನ್ನೂ ಹೇಳುವುದಿಲ್ಲ. ಅವರಿಗೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇತ್ತು, ತುರ್ತು ವಿಭಾಗದಿಂದ ನಡುರಾತ್ರಿ ನಮ್ಮಲ್ಲಿಗೆ ಬಂದಿದ್ದರು, ಮೂಗಿನ ನಳಿಕೆಯಲ್ಲಿ ಎರಡು ಲೀಟರ್ ಆಮ್ಲಜನಕ ಹೋಗುತ್ತಿತ್ತು. ಇಲ್ಲಿ ರೋಗಿಯ ಸ್ಥಿತಿಯನ್ನು ಅಳೆಯಲು ‘ನ್ಯೂಸ್-2’ ಎಂಬ ಅಂಕಪಟ್ಟಿಯನ್ನು ಬಳಸುತ್ತಾರೆ; ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿ ಹೊರತಂದದ್ದು. ಉಸಿರಾಟ, ಆಮ್ಲಜನಕದ ಪ್ರಮಾಣ, ರಕ್ತದೊತ್ತಡ, ನಾಡಿ, ಪ್ರಜ್ಞೆ, ಜ್ವರ ಇವಕ್ಕೆಲ್ಲ ಅಂಕಗಳು. ಕೂಡಿಸಿದಾಗ 5 ಬಂದರೆ ಬೇಗ ಡಾಕ್ಟರನ್ನು ಕರೆಯಬೇಕು, 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತುರ್ತು ತಂಡವೇ ಬರಬೇಕು. ಇದರಲ್ಲಿ ಆಮ್ಲಜನಕಕ್ಕೆ ಎರಡು ಅಳತೆಗೋಲುಗಳಿವೆ. ಮೊದಲನೆಯದು ಎಲ್ಲರಿಗೂ, ಎರಡನೆಯದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಬಿಡುವ ಇಂತಹ ರೋಗಿಗಳಿಗೆ. ಅವರಿಗೆ ಆಮ್ಲಜನಕದ ಪ್ರಮಾಣ ಶೇ. 88ರಿಂದ 92ರ ನಡುವೆ ಇದ್ದರೆ ಸಾಕು, ಅಲ್ಲಿಯೇ ಇರಬೇಕು.

ಬೆಳಗಿನ ಜಾವ ಮೂರು ಗಂಟೆಗೆ ಅವರ ಬೆರಳಿನ ಯಂತ್ರ 90 ತೋರಿಸಿತು. ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ತೆರೆದುಕೊಂಡಿದ್ದದ್ದು ಮೊದಲನೆಯ ಅಳತೆಗೋಲು. 90ಕ್ಕೆ ಮೂರು ಅಂಕ, ಆಮ್ಲಜನಕ ಕೊಡುತ್ತಿರುವುದಕ್ಕೆ ಎರಡು ಅಂಕ, ಒಟ್ಟು 5. ಪರದೆ ಬಣ್ಣ ಬದಲಿಸಿತು. ಆಮ್ಲಜನಕದ ಹರಿವನ್ನು ಹೆಚ್ಚಿಸಲು ನನ್ನ ಕೈ ಗೋಡೆಯ ಫ್ಲೋಮೀಟರಿನ ಕಡೆಗೆ ಹೋಯಿತು. ‘ನಾನು ಯಾವಾಗಲೂ ಹೀಗೇ ಇರುವುದಮ್ಮ’ ಎಂಬರ್ಥದಲ್ಲಿ ಅವರು ಏನನ್ನೋ ಹೇಳಿದರು, ನಾನು ಕೇಳಿಸಿಕೊಂಡೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಹಾಸಿಗೆಯ ಹತ್ತಿರ ನಿಂತಿದ್ದ ನನ್ನ ಹಿರಿಯ ಸಹೋದ್ಯೋಗಿ, ಕೇರಳದವರು, ನಾವೆಲ್ಲ ಚೇಚಿ ಎನ್ನುವುದು, ತಲೆ ಎತ್ತದೆಯೇ ಎರಡು ಪದ ಕೇಳಿದರು: ‘ಯಾವ ಸ್ಕೇಲ್?’

ಔಷಧದ ಚೀಟಿಯಲ್ಲಿ 88–92 ಎಂದು ಡಾಕ್ಟರು ಬರೆದಿದ್ದರು. ಅಳತೆಗೋಲನ್ನು ಟ್ಯಾಬ್ಲೆಟ್ಟಿನಲ್ಲಿ ಬದಲಿಸುವುದು ಮಾತ್ರ ಯಾರಿಂದಲೋ ಉಳಿದಿತ್ತು. ಎರಡನೆಯ ಅಳತೆಗೋಲಿನಲ್ಲಿ ಅದೇ 90ಕ್ಕೆ ಸೊನ್ನೆ ಅಂಕ, ಒಟ್ಟು 2. ಫ್ಲೋಮೀಟರ್ ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಡಾಕ್ಟರಿಗೆ ಹೇಳಿ ದಾಖಲೆ ಸರಿಪಡಿಸಿದೆವು, ಚೇಚಿ ಆ ವಿಷಯವನ್ನು ಮತ್ತೆ ಎತ್ತಲೂ ಇಲ್ಲ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ನನ್ನ ತರಬೇತಿಯ ದಾಖಲೆ ತೆಗೆದು ನೋಡಿದೆ. ನ್ಯೂಸ್-2ರ ಆನ್‌ಲೈನ್ ಕೋರ್ಸನ್ನು ನಾನು ಹನ್ನೊಂದು ದಿನಗಳ ಹಿಂದೆಯಷ್ಟೇ ಮುಗಿಸಿದ್ದೆ. ನೂರಕ್ಕೆ ನೂರು. ಈ ಎರಡು ಅಳತೆಗೋಲುಗಳ ಪ್ರಶ್ನೆ ಅದರಲ್ಲಿ ಇತ್ತು, ನನ್ನ ಉತ್ತರ ಸರಿಯಾಗಿತ್ತು.

ಆ ಕೋರ್ಸಿನಲ್ಲಿ ತಪ್ಪೇನೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನಿಜ ಹೇಳಬೇಕೆಂದರೆ ನನ್ನ ಹಳೆಯ ಪಾಠಕ್ಕಿಂತ ಅದು ಮುಂದಿತ್ತು. ಇಂತಹ ರೋಗಿಗಳಿಗೆ ಆಮ್ಲಜನಕ ಹೆಚ್ಚು ಕೊಟ್ಟರೆ ಉಸಿರಾಡುವ ಪ್ರೇರಣೆಯೇ ಕುಂದಿಹೋಗುತ್ತದೆ ಎಂದಷ್ಟೇ ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಕಾರಣ ಅದೊಂದೇ ಅಲ್ಲ. ಹೆಚ್ಚಿನ ಆಮ್ಲಜನಕದಿಂದಾಗಿ ಗಾಳಿ ಸರಿಯಾಗಿ ಹೋಗದ ಶ್ವಾಸಕೋಶದ ಭಾಗಗಳಿಗೂ ರಕ್ತ ಹರಿಯತೊಡಗುತ್ತದೆ, ಹಿಮೊಗ್ಲೋಬಿನ್ ತಾನು ಹೊತ್ತ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ, ಎರಡೂ ಸೇರಿ ರಕ್ತದಲ್ಲಿ ಅದರ ಮಟ್ಟ ಏರುತ್ತದೆ ಎಂದು ನನಗೆ ಚಿತ್ರಸಹಿತ ತಿಳಿಸಿದ್ದು ಪರದೆಯೇ. ನೋಂದಣಿಗೆ ನಿರಂತರ ಕಲಿಕೆ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆಯೂ ಇದೇ. ತೊಡಕು ಇದ್ದದ್ದು ಬೇರೆ ಕಡೆ. ಕೋರ್ಸಿನ ರೋಗಿ ಪರದೆಯ ಮೇಲೆ ಬರುವಾಗಲೇ ಹಣೆಯ ಮೇಲೆ ಕಾಯಿಲೆಯ ಹೆಸರು ಬರೆದುಕೊಂಡು ಬರುತ್ತಾನೆ, ಮತ್ತು ಆ ಪುಟ ಅಳತೆಗೋಲುಗಳ ಪಾಠವೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಮೂರು ಗಂಟೆ ರಾತ್ರಿಯಲ್ಲಿ, ನಾಲ್ಕನೆಯ ಹಾಸಿಗೆಯ ಡ್ರಿಪ್ ಯಂತ್ರ ಕೂಗುತ್ತಿರುವಾಗ, ಇದು ಯಾವ ಪಾಠದ ಪುಟ ಎಂದು ಹೇಳುವವರು ಯಾರೂ ಇರುವುದಿಲ್ಲ. ಚೇಚಿ ಹೇಳಿದರು. ಆ ಎರಡು ಪದಗಳಿಗೆ ಯಾವ ಪ್ರಮಾಣಪತ್ರವೂ ಇಲ್ಲ, ನನ್ನ 61 ಗಂಟೆಗಳಲ್ಲಿ ಅದು ಒಂದು ನಿಮಿಷವಾಗಿಯೂ ಸೇರಿಲ್ಲ.

ಐದು ಟಿಪ್ಪಣಿಗಳಲ್ಲಿ ಒಂದನ್ನು ಈ ರಾತ್ರಿಯ ಬಗ್ಗೆಯೇ ಬರೆಯಬೇಕೆಂದು ನಿರ್ಧರಿಸಿದೆ. ಏನು ಕಲಿತಿರಿ, ನಿಮ್ಮ ಕೆಲಸದಲ್ಲಿ ಏನು ಬದಲಿಸಿದಿರಿ, ಅದು ವೃತ್ತಿಸಂಹಿತೆಗೆ ಹೇಗೆ ಸಂಬಂಧಿಸಿದೆ ಎಂದು ನಮೂನೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಬರೆದ ಮೊದಲ ಕರಡು ಅರ್ಧ ಗಂಟೆಯಲ್ಲಿ ಮುಗಿಯಿತು, ಓದಿದರೆ ಆಸ್ಪತ್ರೆಯ ಸುತ್ತೋಲೆಯಂತೆ ಇತ್ತು. ಅಳತೆಗೋಲು ಪರಿಶೀಲಿಸಲ್ಪಟ್ಟಿರಲಿಲ್ಲ, ಲೋಪ ಗುರುತಿಸಲ್ಪಟ್ಟಿತು, ಕ್ರಮ ಕೈಗೊಳ್ಳಲ್ಪಟ್ಟಿತು. ಇಡೀ ಪುಟದಲ್ಲಿ ಮನುಷ್ಯರೇ ಇರಲಿಲ್ಲ. ಅದನ್ನು ಬದಿಗಿಟ್ಟು ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲಿ ಬರೆಯತೊಡಗಿದೆ. ಕನ್ನಡದಲ್ಲಿ ‘ಪರಿಶೀಲಿಸಲ್ಪಡಲಿಲ್ಲ’ ಎಂದು ಬರೆಯಲು ಕೈ ಬರುವುದಿಲ್ಲ. ‘ನಾನು ನೋಡಲಿಲ್ಲ’ ಎಂದೇ ಬರೆಯಬೇಕಾಗುತ್ತದೆ. ಹಾಗೆ ಬರೆದ ಮೇಲೆ, ಯಾಕೆ ನೋಡಲಿಲ್ಲ ಎಂಬ ಮುಂದಿನ ವಾಕ್ಯ ತಾನಾಗಿ ಬಂತು: ಪರದೆಯ ಬಣ್ಣ ಬದಲಾದದ್ದನ್ನು ನಾನು ಉತ್ತರವೆಂದು ತಿಳಿದೆ, ಎದುರಿಗಿದ್ದವರು ಹೇಳಿದ್ದನ್ನು ಅಡ್ಡಿಯೆಂದು ತಿಳಿದೆ. ಆಮೇಲೆ ಅದನ್ನೇ ಇಂಗ್ಲಿಷಿಗೆ ತಂದು ಸಲ್ಲಿಸುವ ಕಡತಕ್ಕೆ ಸೇರಿಸಿದೆ. ಚರ್ಚೆಗೆ ಕುಳಿತದ್ದು ಚೇಚಿಯೊಂದಿಗೇ. ಅವರು ಓದಿ, ಕನ್ನಡಕ ತೆಗೆದು, ತಾವು ಇಲ್ಲಿಗೆ ಬಂದ ವರ್ಷ ಮಾಡಿದ್ದ ಇದಕ್ಕಿಂತ ಗಂಭೀರವಾದ ತಪ್ಪೊಂದನ್ನು ಹೇಳಿದರು. ಅದನ್ನು ನಾನು ಬರೆಯುವಂತಿಲ್ಲ.

ಕೊರತೆಯಿದ್ದ 11 ಗಂಟೆಗಳ ವಿಷಯಕ್ಕೆ ಬರುತ್ತೇನೆ. ಅದರಲ್ಲಿ 7 ಗಂಟೆ ಒಂದೇ ದಿನದಲ್ಲಿ ತುಂಬಿದವು, ಅದೂ ಒಂದು ಕಡ್ಡಾಯ ತರಬೇತಿಯಿಂದ. ಆಲಿವರ್ ಮೆಕ್‌ಗೋವನ್ ಎಂಬ 18 ವರ್ಷದ ಹುಡುಗ 2016ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡ. ಅವನಿಗೆ ಆಟಿಸಂ ಮತ್ತು ಕಲಿಕೆಯ ಲಘು ತೊಡಕು ಇತ್ತು. ಮನೋರೋಗದ ಔಷಧ ಬೇಡವೆಂದು ಅವನೂ ತಂದೆತಾಯಿಯೂ ಹೇಳಿದ್ದರೂ ಅದನ್ನು ಕೊಡಲಾಯಿತು, ಅದರ ಅಪರೂಪದ ತೀವ್ರ ಪ್ರತಿಕ್ರಿಯೆಯಿಂದ ಅವನು ಬದುಕಲಿಲ್ಲ. ತಾಯಿ ಪೌಲಾ ಮೆಕ್‌ಗೋವನ್ ನಡೆಸಿದ ಹೋರಾಟದ ಫಲವಾಗಿ ಇಂಗ್ಲೆಂಡಿನಲ್ಲಿ 2022ರ ಆರೋಗ್ಯ ಮತ್ತು ಆರೈಕೆ ಕಾಯ್ದೆಯು ಆರೋಗ್ಯ ಸಿಬ್ಬಂದಿಗೆ ಈ ವಿಷಯದ ತರಬೇತಿ ಇರಲೇಬೇಕೆಂದು ವಿಧಿಸಿತು, ಅದಕ್ಕಾಗಿ ರೂಪಿಸಿದ ಕೋರ್ಸಿಗೆ ಆ ಹುಡುಗನ ಹೆಸರನ್ನೇ ಇಟ್ಟಿದ್ದಾರೆ. ಮೊದಲ ಭಾಗ 90 ನಿಮಿಷಗಳ ಆನ್‌ಲೈನ್ ಪಾಠ, ಎಲ್ಲರಿಗೂ. ರೋಗಿಗಳ ಆರೈಕೆಯಲ್ಲಿ ನೇರವಾಗಿ ತೊಡಗಿರುವ ನಮ್ಮಂಥವರಿಗೆ ಅಷ್ಟರಲ್ಲೇ ಮುಗಿಯುವುದಿಲ್ಲ. ಇಡೀ ಒಂದು ದಿನ ಎದುರುಬದುರು ಕುಳಿತು ಕಲಿಯಬೇಕು, ಕಲಿಸುವವರಲ್ಲಿ ಆಟಿಸಂ ಇರುವವರೂ ಕಲಿಕೆಯ ತೊಡಕು ಇರುವವರೂ ಇರಲೇಬೇಕು.

ಮೊದಲ ಭಾಗವನ್ನು ನಾನು ಒಗ್ಗರಣೆ ಹಾಕುತ್ತಾ ಮುಗಿಸಲು ಆಗಲಿಲ್ಲ. ತಾಯಿಯ ಮಾತು ಬಂದಾಗ ಒಲೆ ಆರಿಸಿ ಕುಳಿತೆ. ಎರಡನೆಯ ಭಾಗದ ದಿನ ನಮಗೆ ಕಲಿಸಲು ಬಂದ ಒಬ್ಬರು ಮೊದಲು ಮಾಡಿದ ಕೆಲಸ ಕೋಣೆಯ ಟ್ಯೂಬ್‌ಲೈಟ್ ಆರಿಸಿದ್ದು. ಆ ದೀಪ ಸಣ್ಣಗೆ ಗುಂಯ್‌ಗುಡುತ್ತಿತ್ತು ಎಂಬುದು ಆರಿದ ಮೇಲೆಯೇ ನಮ್ಮ ಗಮನಕ್ಕೆ ಬಂತು. ‘ನನಗೆ ಇದು ಡ್ರಿಲ್ ಹಾಕಿದಂತೆ ಕೇಳಿಸುತ್ತದೆ, ಇದರ ಕೆಳಗೆ ಮಲಗಿಸಿ ನೋವು ಎಷ್ಟಿದೆ ಹೇಳು ಎನ್ನುತ್ತೀರಿ’ ಎಂದರು. ಆನ್‌ಲೈನ್ ಪಾಠದಲ್ಲಿ ಶಬ್ದ ಮತ್ತು ಬೆಳಕಿನ ಬಗ್ಗೆ ಒಂದು ಪುಟವಿತ್ತು, ನಾನು ಅದಕ್ಕೆ ಸರಿಯುತ್ತರವನ್ನೂ ಕೊಟ್ಟಿದ್ದೆ. ಆ ಪುಟ ಓದದೆ ಬಂದಿದ್ದರೆ ದೀಪ ಆರಿಸಿದ್ದು ನನಗೆ ಯಾರದೋ ಹಟದಂತೆ ಕಾಣುತ್ತಿತ್ತೋ ಏನೋ; ಪರದೆ ನೆಲ ಹದ ಮಾಡಿ ಇಟ್ಟಿತ್ತು ಎಂದು ಈಗ ಅನಿಸುತ್ತದೆ. ಹದ ಮಾಡಿದ ನೆಲಕ್ಕೇ ಪ್ರಮಾಣಪತ್ರ ಕೊಟ್ಟು ಕಳಿಸುವ ಕೋರ್ಸುಗಳ ಬಗ್ಗೆ ಮಾತ್ರ ನನ್ನ ತಕರಾರು.

ಉಳಿದ ನಾಲ್ಕು ಗಂಟೆಗಳಿಗೆ ವಾಟ್ಸಾಪ್ ಗುಂಪಿನಲ್ಲಿ ಬೇರೆಯೇ ಪ್ರಶ್ನೆ ಹಾಕಿದೆ: ಭಾನುವಾರ ಯಾರಿಗೆ ಬಿಡುವಿದೆ? ಇಬ್ಬರು ಒಪ್ಪಿದರು. ನನಗೆ ಸಂಜೆ ನಾಲ್ಕು, ಮಂಗಳೂರಿನವಳಿಗೆ ರಾತ್ರಿ ಒಂಬತ್ತೂವರೆ, ಕ್ಯಾಲಿಫೋರ್ನಿಯಾದವಳಿಗೆ ಬೆಳಿಗ್ಗೆ ಎಂಟು. ಒಬ್ಬಳು ಊಟ ಮುಗಿಸಿ, ಒಬ್ಬಳು ಕಾಫಿ ಹಿಡಿದು ಬಂದು ಕೂರುತ್ತಾಳೆ. ಮೂವರೂ ಮುಂಚಿತವಾಗಿ ಒಂದೇ ಲೇಖನ ಓದಿರಬೇಕು, ಅದಕ್ಕೆ ತಾಳೆಯಾಗುವ ತನ್ನ ವಾರ್ಡಿನ ಒಂದು ಸಂದರ್ಭವನ್ನು, ಹೆಸರಿಲ್ಲದೆ, ಹೇಳಬೇಕು. ಮೊದಲ ವಾರ ಸೆಪ್ಸಿಸ್, ಅಂದರೆ ಸೋಂಕಿಗೆ ದೇಹವೇ ಅತಿಯಾಗಿ ಪ್ರತಿಕ್ರಿಯಿಸಿ ಜೀವಕ್ಕೆ ಅಪಾಯ ತರುವ ಸ್ಥಿತಿಯನ್ನು ತೆಗೆದುಕೊಂಡೆವು. ಮಂಗಳೂರಿನವಳು ತನ್ನ ವಾರ್ಡಿನಲ್ಲಿ ರಾತ್ರಿ ಎಷ್ಟು ರೋಗಿಗಳಿಗೆ ತಾನೊಬ್ಬಳೇ ಇರುತ್ತೇನೆ ಎಂದು ಹೇಳಿದಾಗ, ಚಿಕಿತ್ಸೆ ಶುರುವಾಗಬೇಕೆಂದು ಲೇಖನದಲ್ಲಿದ್ದ ‘ಒಂದು ಗಂಟೆಯೊಳಗೆ’ ಎಂಬ ಮಾತಿನ ಮೇಲೆ ನಾವಿಬ್ಬರೂ ಗೀಟು ಹಾಕಿಕೊಂಡಿದ್ದ ಪುಟವನ್ನು ಸುಮ್ಮನೆ ನೋಡುತ್ತಾ ಕುಳಿತೆವು. ಆಮೇಲೆ ಅವಳೇ, ಆ ಪರಿಸ್ಥಿತಿಯಲ್ಲಿ ಮೊದಲು ಯಾರ ಕೈ ಮುಟ್ಟಿ ನೋಡುತ್ತೇನೆ, ಯಾಕೆ, ಎಂದು ವಿವರಿಸಿದಳು. ಬಿಸಿ, ತಣ್ಣಗೆ, ಬೆವರು. ನಾನು ಎರಡು ಪುಟ ಬರೆದುಕೊಂಡೆ.

ನನ್ನ ಕಡತದಲ್ಲಿ ಅದು ದಿನಾಂಕ, ವಿಷಯ ಮತ್ತು ಟಿಪ್ಪಣಿಯೊಂದಿಗೆ ಇತರರ ಜತೆ ಸೇರಿ ಕಲಿತ ಒಂದು ಗಂಟೆಯಾಗಿ ದಾಖಲಾಯಿತು. ಕ್ಯಾಲಿಫೋರ್ನಿಯಾದವಳಿಗೆ ಅದು ಲೆಕ್ಕಕ್ಕಿಲ್ಲ, ಏಕೆಂದರೆ ಅಲ್ಲಿ ಕೋರ್ಸು ನಡೆಸುವವರಿಗೆ ಮಂಡಳಿಯ ಮಾನ್ಯತೆಯ ಸಂಖ್ಯೆ ಇರಬೇಕು. ಎರಡು ಪುಟಗಳ ವಿಷಯವನ್ನು ಹೇಳಿಕೊಟ್ಟ ಮಂಗಳೂರಿನವಳಿಗೂ ಇಲ್ಲ, ಅವಳ 150ರಲ್ಲಿ ಅದು ಸೇರುವುದಿಲ್ಲ. ನಾಲ್ಕು ಭಾನುವಾರಗಳಲ್ಲಿ ನನ್ನ ಕೊರತೆ ತುಂಬಿತು, ಅರ್ಜಿ ಸಲ್ಲಿಸಿದೆ, ನೋಂದಣಿ ಇನ್ನು ಮೂರು ವರ್ಷ ಮುಂದುವರಿಯಿತು. ಇನ್ನು ನಿನಗೆ ಬೇಕಾಗಿಲ್ಲವಲ್ಲ, ನಿಲ್ಲಿಸೋಣವೇ ಎಂದು ಮಂಗಳೂರಿನವಳೇ ಕೇಳಿದಳು. ಮುಂದಿನ ವಾರ ಯಾವ ಲೇಖನ ಎಂದು ಕ್ಯಾಲಿಫೋರ್ನಿಯಾದವಳು ಅದಕ್ಕೆ ಮೊದಲೇ ಕೇಳಿ ಆಗಿತ್ತು. ಒತ್ತಡದ ಹುಣ್ಣಿನ ಬಗ್ಗೆ ತೆಗೆದುಕೊಂಡಿದ್ದೇವೆ. ಮಂಚದ ಕಾಲಿಗೆ ಕಟ್ಟಿದ ಆ ಸಮಯಪಟ್ಟಿಯ ಕಥೆಯನ್ನು ಈ ಬಾರಿ ನಾನು ಹೇಳಬೇಕು.